ಅಗಲಕ್ಕೆ ಎಳೆದ ಮುಖ

ಕಡೂರಿನ ಬಸ್ ನಿಲ್ದಾಣದ ಹತ್ತಿರ ಪಂಚಾಕ್ಷರಪ್ಪನವರ ಫ್ಲೆಕ್ಸ್ ಅಂಗಡಿ. ಅಲ್ಲಿ ಧನ್ಯಶ್ರೀ ಡಿಸೈನರ್. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶದ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಗಿರಾಕಿ ಕೊಟ್ಟ ಫೋಟೊ ನೀಳವಾಗಿದ್ದು ಫ್ಲೆಕ್ಸ್ ಅಗಲವಾಗಿದ್ದರೆ ಪಂಚಾಕ್ಷರಪ್ಪ, "ಎಳ್ದು ಕೂರ್ಸಮ್ಮ, ಯಾರ್ ನೋಡ್ತಾರೆ" ಅನ್ನುತ್ತಿದ್ದರು. ಅವಳು ಫೋಟೊದ ಅಂಚು ಹಿಡಿದು ಎಳೆಯುತ್ತಿದ್ದಳು. ಕೆನ್ನೆ ಉಬ್ಬಿ, ಕತ್ತು ಕುಗ್ಗಿ, ತೆಳ್ಳಗಿದ್ದವನು ಗುಂಡಗಾಗುತ್ತಿದ್ದ. ಯಾವ ಗಿರಾಕಿಯೂ ಬೇಸರಪಟ್ಟದ್ದಿಲ್ಲ. ಮೈಕೈ ತುಂಬಿಕೊಂಡ ಹಾಗೆ ಕಾಣುತ್ತೆ ಎಂದು ಹಿಗ್ಗಿದವರೇ ಹೆಚ್ಚು.

ಅವಳ ಊರು ಎಮ್ಮೆದೊಡ್ಡಿ ಕಾವಲಿನ, ಆ ದೊಡ್ಡ ಹುಲ್ಲುಗಾವಲಿನ, ಅಂಚಿಗೆ. ಮನೆಯಲ್ಲಿ ಕುರಿಗಳಿದ್ದವು. ಸುಗ್ಗಿ ಮುಗಿಯುತ್ತಿದ್ದಂತೆ ಅಪ್ಪ ಸಣ್ಣಬೀರಪ್ಪ ಹಿಂಡು ಹೊಡೆದುಕೊಂಡು ತರೀಕೆರೆ ಕಡೆಗೆ ಹೋಗಿಬಿಡುತ್ತಿದ್ದ. ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಡವೆಂದು ಅಲ್ಲಿಯ ಜಮೀನಿನವರು ಅವನನ್ನು ಹೇಳಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆ ತಿಂಗಳುಗಳಲ್ಲಿ ಮನೆಯಲ್ಲಿ ಇರುತ್ತಿದ್ದವರು ಧನ್ಯ, ಅವಳ ಅವ್ವ ಅಂಜಿನಮ್ಮ, ದೂರ ನಡೆಯಲಾರದ ಬಾಣಂತಿ ಕುರಿಗಳು, ಅವುಗಳ ಮರಿಗಳು.

ಡಿಪ್ಲೊಮಾ ಓದುವಾಗ ಕೊಂಡ ಲ್ಯಾಪ್‌ಟಾಪ್ ಒಂದು ದಿನ ಕೈಜಾರಿ ಬಿದ್ದು ಅದರ ಪರದೆ ಕಪ್ಪಾಯಿತು. ಒಳಗಿನ ಯಂತ್ರಕ್ಕೇನೂ ಆಗಿರಲಿಲ್ಲ. ಧನ್ಯ ಲ್ಯಾಪ್‌ಟಾಪಿನ ಚಿತ್ರವನ್ನು ಟಿವಿಗೆ ಹೊಂದಿಸುವ ಸಣ್ಣ ಡಬ್ಬಿಯೊಂದನ್ನು ತಂದು, ಅದರಿಂದ ವೈರು ಎಳೆದು ಮನೆಯ ಹಳೇ ಡಬ್ಬಾ ಟಿವಿಗೆ ಜೋಡಿಸಿದಳು. ಬೆನ್ನು ಉಬ್ಬಿದ, ಹೆಚ್ಚುಕಡಿಮೆ ಚೌಕಾಕಾರದ ಟಿವಿ ಅದು. ಅದರಲ್ಲಿ ಅಕ್ಷರ ಓದುವುದು ಕಣ್ಣಿಗೆ ಶಿಕ್ಷೆ. ಆದರೆ ಚಿತ್ರ ಬರೆಯಲು ಕೂತವಳಿಗೆ ಅದರಲ್ಲಿ ಬೇರೆಯೇ ಒಂದು ಗುಣ ಕಂಡಿತು. ಅಂಗಡಿಯ ಹೊಸ ಪರದೆಯಲ್ಲಿ ಒಂದೊಂದು ಚುಕ್ಕಿಯೂ ಕತ್ತರಿಸಿ ಅಂಟಿಸಿದ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಈ ಟಿವಿಯಲ್ಲಿ ಪಕ್ಕಪಕ್ಕದ ಚುಕ್ಕಿಗಳು ಒಂದಕ್ಕೊಂದು ಇಳಿದುಕೊಳ್ಳುತ್ತಿದ್ದವು. ಒಂದು ಕಂದು ಚುಕ್ಕಿ, ಒಂದು ಹಳದಿ ಚುಕ್ಕಿ, ಮತ್ತೆ ಕಂದು, ಮತ್ತೆ ಹಳದಿ ಎಂದು ಇಟ್ಟುಕೊಂಡು ಹೋದರೆ, ಎರಡೂ ಕರಗಿ ಒಣಹುಲ್ಲಿನ ಮೇಲೆ ಸಂಜೆ ಬಿಸಿಲು ಬಿದ್ದಂಥ ಬಣ್ಣವಾಗುತ್ತಿತ್ತು.

ಹಾಗೆ ಅವಳು ಒಂದು ಗೇಮ್ ಮಾಡಿದಳು. ಹೆಂಗಸೊಬ್ಬಳು ಕುರಿ ಹೊಡೆದುಕೊಂಡು ಕಾವಲು ದಾಟಿ ಕೆರೆ ಮುಟ್ಟಬೇಕು. ದಾರಿಯಲ್ಲಿ ತೋಳ ಬರುತ್ತದೆ, ಉದ್ದ ಕೊಂಬಿನ ಅಮೃತಮಹಲ್ ಎತ್ತುಗಳು ನುಗ್ಗುತ್ತವೆ, ಕಾವಲುಗಾರ ಅಟ್ಟಿಸಿಕೊಂಡು ಬರುತ್ತಾನೆ. ಆಟ ಶುರುವಾಗುವ ಮೊದಲು ಆ ಹೆಂಗಸಿನ ಮುಖ ಪರದೆಯ ತುಂಬ ಬರುತ್ತದೆ. ಆ ಮುಖ ಅಂಜಿನಮ್ಮನದು. ಬಿಸಿಲಿಗೆ ಮಾಗಿದ ಕೆನ್ನೆ, ಸೊರಗಿದ ದವಡೆ, ಮೂಗಿನ ಪಕ್ಕ ಒಂದೇ ಒಂದು ಬಿಳಿ ಚುಕ್ಕಿಯ ಮೂಗುಬೊಟ್ಟು.

ಮೊದಲ ಸಲ ನೋಡಿದಾಗ ಅಂಜಿನಮ್ಮ ಒಲೆ ಮುಂದಿನಿಂದ ಎದ್ದು ಬಂದು ಟಿವಿ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು.

"ಮೂಗುಬೊಟ್ಟು ಮಿಂಚ್ತೈತಲ್ಲೇ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾನು ಇಷ್ಟ್ ಚೆನ್ನಾಗಿದೀನಾ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು.

ಕಡೂರಿನ ಯುವಕರ ಸಂಘವೊಂದು ಕಲ್ಯಾಣಮಂಟಪದಲ್ಲಿ ಪ್ರತಿಭಾ ಮೇಳ ನಡೆಸುತ್ತದೆಂದು ಗೊತ್ತಾದಾಗ ಧನ್ಯ ತನ್ನ ಹೆಸರು ಕೊಟ್ಟಳು. ಅಂಗಡಿಯ ಕಂಪ್ಯೂಟರಿನಲ್ಲಿ ಒಮ್ಮೆ ಗೇಮ್ ತೆರೆದು ನೋಡಿದ್ದರೆ ಅದು ಬೇರೆ ಪರದೆಯಲ್ಲಿ ಹೇಗೆ ಕಾಣುತ್ತದೆಂದು ಅವಳಿಗೆ ಆಗಲೇ ತಿಳಿಯುತ್ತಿತ್ತು. ಕೆಲಸದ ಹೊತ್ತಿನಲ್ಲಿ ಆಟ ಆಡುತ್ತಾಳೆಂದು ಮಾಲೀಕರು ಗೊಣಗಿಯಾರೆಂದು ತೆರೆಯಲಿಲ್ಲ. ಅಂಜಿನಮ್ಮನಿಗೆ ಮಾತ್ರ ಸಂಭ್ರಮ. ಪಕ್ಕದ ಮನೆಯ ಕಾಶಮ್ಮನನ್ನೂ ಹೊರಡಿಸಿಕೊಂಡು, ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟು, ಮಧ್ಯಾಹ್ನದ ಕಾರ್ಯಕ್ರಮಕ್ಕೆ ಬೆಳಗ್ಗೆಯೇ ಬಂದು ಮೂರನೇ ಸಾಲಿನಲ್ಲಿ ಕೂತಳು.

ವೇದಿಕೆಯ ಹಿಂದೆ ಆ ತುದಿಯಿಂದ ಈ ತುದಿಯವರೆಗೆ ಎಲ್‌ಇಡಿ ಗೋಡೆ ನಿಲ್ಲಿಸಿದ್ದರು. ಮದುವೆಗಳಿಗೆ ಬಾಡಿಗೆಗೆ ಕೊಡುವಂಥದ್ದು. ತರೀಕೆರೆಯಿಂದ ಅದನ್ನು ತಂದಿದ್ದ ಓಂಕಾರೇಶ್ ಧನ್ಯಳ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುತ್ತ, "ಮೇಡಂ, ನಿಮ್ ಚಿತ್ರ ಚೌಕ ಐತೆ, ನನ್ ಗೋಡೆ ಅಗಲ. ಹಂಗೇ ಬಿಟ್ರೆ ಎರಡೂ ಕಡೆ ಕಪ್ಪಾಗಿರುತ್ತೆ. ಗೋಡೆ ಕೆಟ್ಟೋಗೈತೆ ಅನ್ಕೋತಾರೆ ಜನ. ಫುಲ್ ಮಾಡ್ಲಾ?" ಎಂದು ಕೇಳಿದ.

ಎಳೆದರೆ ಮುಖ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ದಿನಾ ಬೆಳಗಾದರೆ ಅವಳು ಮಾಡುವ ಕೆಲಸವೇ ಅದು. ಆದರೆ ತನಗಿಂತ ಮೊದಲು ಬಂದ ಹುಡುಗಿಯ ನೃತ್ಯದ ವಿಡಿಯೊ ಗೋಡೆಯ ತುಂಬ ಝಗಝಗಿಸಿತ್ತು. ತನ್ನದು ನಡುವೆ ಪುಟ್ಟ ಪೆಟ್ಟಿಗೆಯ ಹಾಗೆ ಕೂತರೆ ಸಣ್ಣದಾಗಿ ಕಾಣುತ್ತದೆ ಅನಿಸಿತು.

"ಮಾಡಿ ಅಣ್ಣಾ" ಅಂದಳು.

ಗೋಡೆಯ ಮೇಲೆ ಅವ್ವನ ಮುಖ ಬಂತು. ಧನ್ಯಳಿಗೆ ಒಂದು ಕ್ಷಣ ಅದು ಯಾರೆಂದೇ ಹೊಳೆಯಲಿಲ್ಲ. ಸೊರಗಿದ ದವಡೆ ಎರಡೂ ಕಡೆಗೆ ಜಗ್ಗಿ ಮೊರದಗಲವಾಗಿತ್ತು. ಕಣ್ಣು ಸೀಳಿದ ಹಾಗೆ, ತುಟಿ ಹಿಸುಕಿದ ಹಾಗೆ. ಚುಕ್ಕಿಗಳು ಕರಗುವ ಮಾತೇ ಇರಲಿಲ್ಲ; ಒಂದೊಂದೂ ಇಟ್ಟಿಗೆಯಷ್ಟು ದಪ್ಪವಾಗಿ ಬೇರೆಬೇರೆ ನಿಂತಿತ್ತು. ಕೆನ್ನೆಯ ಮೇಲೆ ಕಂದು ಹಳದಿ, ಕಂದು ಹಳದಿ, ಚರ್ಮದ ಕಾಯಿಲೆ ಹರಡಿದ ಹಾಗೆ. ಮೂಗುಬೊಟ್ಟಾಗಿ ಮಿಂಚಬೇಕಿದ್ದ ಚುಕ್ಕಿ ಮೂಗಿನಿಂದ ಇಳಿದ ಬಿಳಿ ಮುದ್ದೆಯಾಗಿ ತೂಗುತ್ತಿತ್ತು.

ಹಿಂದಿನ ಸಾಲಿನಲ್ಲಿ ಯಾರೋ, "ಶೀತ ಆಗೈತೆ ಕಣ್ರೋ ಆಯಮ್ಮಂಗೆ" ಅಂದರು. ನಗು ಅಲ್ಲಿಂದ ಹೊರಟು ಮುಂದಿನ ಸಾಲುಗಳವರೆಗೂ ಬಂತು. ಆಟ ಶುರುವಾಯಿತು. ಕುಳ್ಳ ಹೆಂಗಸು ಬಾತುಕೋಳಿಯ ಹಾಗೆ ಹೊರಳಾಡುತ್ತ ಕುರಿ ಹಿಂದೆ ಓಡಿದಳು. ಎತ್ತಿನ ಕೊಂಬು ಸೈಕಲ್ ಹ್ಯಾಂಡಲಿನ ಹಾಗೆ ಅಡ್ಡಕ್ಕೆ ಚಾಚಿಕೊಂಡಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟ ನಗುವೇನಲ್ಲ, ಮದುವೆಮನೆಯಲ್ಲಿ ಮಕ್ಕಳ ಕುಣಿತ ನೋಡಿ ನಗುವಂಥ ನಗು. ಅದಕ್ಕೇ ಅದನ್ನು ತಡೆಯುವುದು ಕಷ್ಟವಾಗಿತ್ತು.

ಮೈಕು ಹಿಡಿದಿದ್ದ ನಿರೂಪಕ ಅವಳ ಪಕ್ಕ ಬಂದು ನಿಂತ. "ಸೂಪರ್ ಕಾಮಿಡಿ ಗೇಮ್. ಯಾರು ಮೇಡಂ ಈ ದಪ್ಪಮ್ಮ? ನಿಮ್ಮೂರೋರಾ?"

ಧನ್ಯ ಕೆಳಗೆ ನೋಡಿದಳು. ಮೂರನೇ ಸಾಲಿನಲ್ಲಿ ಅಂಜಿನಮ್ಮ ಅತ್ತಿತ್ತ ಕೂತಿದ್ದ ಹೆಂಗಸರ ಕಡೆ ತಿರುಗಿ, ಒಂದು ಕೈಯಿಂದ ಗೋಡೆ ತೋರಿಸಿ ಇನ್ನೊಂದನ್ನು ತನ್ನ ಎದೆ ಮೇಲೆ ಇಟ್ಟುಕೊಂಡಿದ್ದಳು. ನಗುವವರ ನಡುವೆ ಅವಳೂ ನಗುತ್ತಿದ್ದಳು.

"ಯಾರೂ ಅಲ್ಲ ಸಾರ್" ಅಂದಳು ಧನ್ಯ. ಮೈಕು ಅದನ್ನು ಮಂಟಪದ ತುಂಬ ಹೇಳಿತು. "ಸುಮ್ನೆ ತಮಾಷೆಗೆ ಅಂತ ಮಾಡಿದ್ದು." ಆಮೇಲೆ ಅವಳೂ ನಕ್ಕಳು.

ಅಂಜಿನಮ್ಮನ ಕೈ ಎದೆಯಿಂದ ಇಳಿದು ಮಡಿಲಿಗೆ ಬಂತು. ಪಕ್ಕದ ಹೆಂಗಸು ಏನೋ ಕೇಳಿದಳು. ಅಂಜಿನಮ್ಮ ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು.

ಧನ್ಯಳಿಗೆ ಒಂದು ಫಲಕ ಕೊಟ್ಟರು. ಅಜ್ಜಂಪುರದ ಕಾಲೇಜಿನ ಉಪನ್ಯಾಸಕಿ ಪ್ರಿಯಾಂಕಾ ಎಂಬವರು ಬಂದು ಪರಿಚಯ ಮಾಡಿಕೊಂಡು, ಇನ್ನೆರಡು ವಾರದಲ್ಲಿ ತಮ್ಮ ಕಾಲೇಜಿನಲ್ಲೂ ತೋರಿಸಬೇಕೆಂದರು. ಅವಳು ಎಲ್ಲದಕ್ಕೂ ಹೂಂ ಎಂದಳು.

ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಕಾಶಮ್ಮನಿಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

"ಅಲ್ಲಾ ಕಣೇ ಧನ್ಯಾ, ನಿಮ್ಮವ್ವ ಅಕ್ಕಪಕ್ಕದೋರ್ಗೆಲ್ಲಾ ಅದು ನಾನೇ ಕಣ್ರೀ, ನನ್ ಮಗ್ಳು ಮಾಡಿರದು ಅಂತ ಹೇಳ್ಕೊಂಡ್ ಕೂತಿದ್ಲು. ನೀನು ಅಂಗಂದ್ಬಿಟ್ಟೆ. ಪಕ್ಕದಲ್ ಕೂತಿದ್ದ ಆಯಮ್ಮ, ಏನಕ್ಕಾ ಸುಳ್ ಹೇಳ್ತೀರಾ ಅಂತ ಕೇಳೇಬಿಟ್ಲು."

"ಸುಮ್ನಿರೇ ಕಾಶಿ" ಅಂದಳು ಅಂಜಿನಮ್ಮ.

ಊರು ಬರುವವರೆಗೂ ಧನ್ಯ ತೊಡೆ ಮೇಲಿನ ಫಲಕವನ್ನು ಹೆಸರು ಕಾಣದ ಹಾಗೆ ಮಗುಚಿ ಹಿಡಿದುಕೊಂಡಿದ್ದಳು.

ಮನೆ ಸೇರಿದ ಮೇಲೆ ಅವಳು ಬಡಬಡ ವಿವರಿಸತೊಡಗಿದಳು. ಟಿವಿಯ ಆಕಾರ ಬೇರೆ, ಆ ಗೋಡೆಯ ಆಕಾರ ಬೇರೆ. ಎಳೆದರೆ ಯಾರ ಮುಖವಾದರೂ ಹಾಗೇ ಆಗುತ್ತದೆ. ಇಲ್ಲಿ ಬೆರೆಯುವ ಬಣ್ಣ ಅಲ್ಲಿ ಬೆರೆಯುವುದಿಲ್ಲ. ತಾನು ಬರೆದದ್ದರಲ್ಲಿ ತಪ್ಪಿಲ್ಲ, ಪರದೆಯದು ತಪ್ಪು.

ಅಂಜಿನಮ್ಮ ಹಸಿರು ಸೀರೆಯನ್ನು ಮಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ಆಯ್ತು ಬಿಡು, ಮೊಖ ಅಗ್ಲ ಮಾಡಿದ್ದು ಪರದೆ" ಅಂದಳು. "ಯಾರೂ ಅಲ್ಲ ಅಂದದ್ದು?"

ಅವ್ವ ಉತ್ತರಕ್ಕೆ ಕಾಯಲಿಲ್ಲ. ಸೀರೆಯನ್ನು ಟ್ರಂಕಿಗಿಟ್ಟು ಮರಿಗಳಿಗೆ ಸೊಪ್ಪು ಹಾಕಲು ಹೋದಳು.

ಮರುದಿನ ಬೆಳಗ್ಗೆ ಅಂಜಿನಮ್ಮ ಕುರಿಗಳನ್ನು ಕಾಶಮ್ಮನಿಗೆ ಒಪ್ಪಿಸಿ, "ನಿಮ್ಮಪ್ಪನ ಹತ್ರ ಹೋಗಿ ಬತ್ತೀನಿ" ಎಂದು ಹೊರಟಳು. ಸಣ್ಣಬೀರಪ್ಪ ಆಗ ಅಮೃತಾಪುರದಲ್ಲಿ ಗಂಗಾಧರಯ್ಯ ಎಂಬವರ ಹೊಲದಲ್ಲಿ ಹಿಂಡು ನಿಲ್ಲಿಸಿದ್ದ. ಯಾವಾಗ ಬರುತ್ತೀ ಎಂದು ಕೇಳಲು ಧನ್ಯಳಿಗೆ ಬಾಯಿ ಬರಲಿಲ್ಲ.

ಅಂಗಡಿಯಲ್ಲಿ ಅವಳು ಮೊದಲ ಬಾರಿ ಗೇಮನ್ನು ಹೊಸ ಪರದೆಯಲ್ಲಿ ತೆರೆದು ನೋಡಿದಳು. ಸರಿಪಡಿಸುವುದು ಅಂಥ ಕಷ್ಟದ್ದೇನಾಗಿರಲಿಲ್ಲ. ಯಾವ ಪರದೆಗೆ ಹಾಕಿದರೂ ಚಿತ್ರ ತನ್ನ ಆಕಾರ ಬಿಟ್ಟುಕೊಡದ ಹಾಗೆ ಮಾಡಿ ಎರಡೂ ಬದಿಯಲ್ಲಿ ಹುಲ್ಲುಗಾವಲು ಬರೆದಳು. ಟಿವಿ ತಾನಾಗಿ ಬೆರೆಸುತ್ತಿದ್ದ ಬಣ್ಣವನ್ನು ತಾನೇ ಬೆರೆಸಿ ಹಚ್ಚಿದಳು. ಎರಡು ದಿನದ ಬಿಡುವಿನಲ್ಲಿ ಮುಗಿಯಿತು. ಇಷ್ಟು ಸುಲಭದ ಕೆಲಸವನ್ನು ಮೊದಲೇ ಮಾಡಲಿಲ್ಲವಲ್ಲ ಎಂದು ಇನ್ನೂ ಹೆಚ್ಚು ನಾಚಿಕೆಯಾಯಿತು.

ಆ ಹೊತ್ತಿಗೆ ಮೇಳದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಗಿ ಪಂಚಾಕ್ಷರಪ್ಪನವರಿಗೂ ಬಂದಿತ್ತು. ಅವರು ಕುರ್ಚಿಯಲ್ಲಿ ಕುಲುಕುಲು ನಗುತ್ತ ಮೊಬೈಲನ್ನು ಅವಳ ಕಡೆ ತಿರುಗಿಸಿದರು. "ಏನಮ್ಮಾ ಇದು, ಒಳ್ಳೆ ಬೊಂಬೆ ಹಿಡ್ದಿದೀಯ. ಯಾರಿದು?"

ಈ ಸಲ ವೇದಿಕೆಯಿರಲಿಲ್ಲ, ಜನರಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಮುಗುಳ್ನಕ್ಕು ಕಂಪ್ಯೂಟರಿನ ಕಡೆ ತಿರುಗಿದಳು. ಮೊನ್ನೆ ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ತನಗೆ ತಾನೇ ಹೇಳಿಕೊಂಡು ಮಲಗಿದ್ದಳು. ಇನ್ನು ಆ ಸಮಾಧಾನವೂ ಉಳಿಯಲಿಲ್ಲ.

ಭಾನುವಾರ ಅವಳು ತರೀಕೆರೆಗೆ ಹೋಗಿ ಅಲ್ಲಿಂದ ಅಮೃತಾಪುರದ ಬಸ್ಸು ಹತ್ತಿದಳು. ದೇವಸ್ಥಾನದ ಹಿಂದಿನ ರಸ್ತೆಯಲ್ಲಿ ನಡೆದರೆ ಕುರಿ ಇರುವ ಹೊಲ ಎಂದು ಯಾರೋ ಕೈ ತೋರಿಸಿದರು. ದೂರದಿಂದಲೇ ಮರಿಗಳ ಕೂಗು ಕೇಳಿಸಿತು. ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ಅವ್ವ ಮುದ್ದೆ ತೊಳಸುತ್ತಿದ್ದಳು. ಅಪ್ಪ ಬಲೆಯ ಬೇಲಿ ಕಟ್ಟುತ್ತಿದ್ದ. ಗಂಗಾಧರಯ್ಯ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

ಮಗಳನ್ನು ಕಂಡು ಸಣ್ಣಬೀರಪ್ಪನ ಮುಖ ಅರಳಿತು. "ಇವ್ಳೇ ಸ್ವಾಮಿ ನಾನ್ ಹೇಳ್ತಿದ್ನಲ್ಲ" ಅಂದ ಗಂಗಾಧರಯ್ಯನವರಿಗೆ. "ಕಡೂರಲ್ಲಿ ಅವ್ರವ್ವನ ಮೊಖನ ಗೋಡೆ ತುಂಬ ತೋರ್ಸಿದ್ಲಂತೆ. ಇವ್ಳೇ ನಮ್ಮವ್ವ ಅಂತ ಮೈಕಲ್ಲಿ ಹೇಳಿದ್ಲಂತೆ. ಜನ ಎದ್ ನಿಂತು ಚಪ್ಪಾಳೆ ಹೊಡೆದ್ರಂತೆ."

ಧನ್ಯ ಅವ್ವನ ಕಡೆ ನೋಡಿದಳು. ಅಂಜಿನಮ್ಮ ತಲೆಯೆತ್ತಲಿಲ್ಲ. ಮುದ್ದೆ ಕೋಲು ಮಾತ್ರ ಇನ್ನಷ್ಟು ಜೋರಾಗಿ ತಿರುಗಿತು.

"ಒಳ್ಳೇದಾಯ್ತಮ್ಮ" ಎಂದು ಗಂಗಾಧರಯ್ಯ ಹೊರಡಲು ತಿರುಗಿದರು. ಅವರು ಹೋಗಿಬಿಟ್ಟರೆ ಮತ್ತೆ ತಾನು ಸುಮ್ಮನಾಗಿಬಿಡುತ್ತೇನೆ ಎಂದು ಧನ್ಯಳಿಗೆ ಭಯವಾಯಿತು.

"ಹಂಗೆ ಆಗ್ಲಿಲ್ಲ ಅಪ್ಪಾ" ಅಂದಳು. ಗಂಗಾಧರಯ್ಯ ನಿಂತರು. "ಜನ ನಕ್ರು. ಅವ್ವನ ಮೊಖ ಅಗ್ಲ ಆಗಿ ಕೆಟ್ಟದಾಗಿ ಕಾಣ್ತು. ಯಾರಿದು ಅಂದ್ರು. ನಾನು ಯಾರೂ ಅಲ್ಲ ಅಂದೆ. ಅವ್ವ ಅಲ್ಲೇ ಕೂತಿದ್ಲು."

ಗಂಗಾಧರಯ್ಯ ಅಂಜಿನಮ್ಮನ ಕಡೆ ಒಮ್ಮೆ ನೋಡಿ, ಏನೋ ಕೆಲಸ ನೆನಪಾದವರ ಹಾಗೆ ಬದುವಿನ ಮೇಲೆ ನಡೆದು ಹೋದರು. ಆ ನೋಟ ಕಂಡಾಗಲೇ ಧನ್ಯಳಿಗೆ ತಾನೇನು ಮಾಡಿದೆ ಎಂದು ಹೊಳೆದದ್ದು. ಊರೂರು ಅಲೆಯುವ ಗಂಡನ ಹತ್ತಿರ, ಅನ್ನ ಕೊಡುವ ಜಮೀನಿನವರ ಹತ್ತಿರ, ಅವ್ವ ಮಗಳ ಮಾನ ಉಳಿಸಲು ಕಟ್ಟಿ ಹೇಳಿದ್ದ ಮಾತು ಅವಳ ಕಣ್ಣೆದುರಿಗೇ ಸುಳ್ಳಾಗಿತ್ತು.

ಅಂಜಿನಮ್ಮ ಪಾತ್ರೆ ಇಳಿಸಿದಳು. "ಅವ್ರ ಮುಂದೆ ಯಾಕ್ ಹೇಳ್ದೆ?" ದನಿ ಏರಲಿಲ್ಲ. "ಅಲ್ಲೂ ನಾನೇ ಸುಳ್ಳಿ ಆದೆ. ಇಲ್ಲೂ ನಾನೇ ಆದೆ."

"ಅವ್ವಾ, ನಾನು..."

"ಉಣ್ಣು ಬಾ ಮೊದ್ಲು."

ಮೂವರೂ ಉಂಡರು. ಧನ್ಯಳಿಗೆ ಅರ್ಧಕ್ಕೆ ಬಿಟ್ಟು ಏಳಲು ಧೈರ್ಯ ಬರಲಿಲ್ಲ. ಉಂಡ ಮೇಲೆ ಸಣ್ಣಬೀರಪ್ಪ ಬಲೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. ಹಿಂಡನ್ನು ಹೊಲದ ಇನ್ನೊಂದು ಮೂಲೆಗೆ ಬದಲಾಯಿಸಬೇಕಿತ್ತು. ಇಬ್ಬರೂ ಗೂಟ ಕೀಳುತ್ತ, ನೆಡುತ್ತ ಸಾಗಿದರು.

"ನಿಂಗೆ ಭಾರ ಇತ್ತು, ಇಳಿಸ್ಕೊಂಡೆ" ಅಂದ ಅಪ್ಪ ಗೂಟ ಬಡಿಯುತ್ತ. "ಅದು ಯಾರ್ ತಲೆ ಮೇಲ್ ಬಿತ್ತು ಅಂತ ನೋಡ್ಬೇಕಾಗಿತ್ತು ಮಗಾ."

"ಸುಳ್ ಹೇಳ್ಕೊಂಡ್ ಇರ್ಬೇಕಾಗಿತ್ತಾ ಅಪ್ಪಾ?"

"ಹಂಗಂದ್ನಾ? ಮೊದ್ಲು ಅವ್ಳ ಹತ್ರ ಹೋಗಿ ಕೂರ್ಬೇಕಾಗಿತ್ತು. ನಾವೆಲ್ಲ ಆಮೇಲೆ."

ಧನ್ಯ ಬಲೆ ಬಿಟ್ಟು ಬೇವಿನ ಮರದ ಕೆಳಗೆ ಬಂದಳು. ಅಂಜಿನಮ್ಮ ಪಾತ್ರೆ ತಿಕ್ಕುತ್ತಿದ್ದಳು. ಧನ್ಯ ಎದುರಿಗೆ ಕೂತು ತಿಕ್ಕಿದ ಪಾತ್ರೆಗಳನ್ನು ತೊಳೆದಿಡತೊಡಗಿದಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

"ನಂಗೆ ನಾಚ್ಕೆ ಆಯ್ತು ಅವ್ವಾ" ಅಂದಳು ಕೊನೆಗೆ. "ನಿನ್ ಬಗ್ಗೆ. ಅಷ್ಟ್ ಜನ ನಗ್ತಿದ್ರಲ್ಲ, ಆ ನಗು ನನ್ ಮೇಲೆ ಬರ್ಬಾರ್ದು ಅನ್ನಿಸ್ತು. ಅದುಕ್ಕೇ ಹೇಳ್ದೆ. ಪರದೆ ಗಿರದೆ ಎಲ್ಲ ಆಮೇಲಿನ ಮಾತು."

ಅಂಜಿನಮ್ಮ ಬೂದಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮಗಳನ್ನು ನೋಡಿದಳು. ಮಗಳ ಬಾಯಿಂದ ಇಂಥದ್ದು ಬರಬಹುದೆಂದು ಅವಳು ಅಂದುಕೊಂಡಿರಲಿಲ್ಲ. ನೋವಾಯಿತೋ, ಸಮಾಧಾನವಾಯಿತೋ, ಮುಖದಿಂದ ಗೊತ್ತಾಗಲಿಲ್ಲ.

"ಅಜ್ಜಂಪುರದಲ್ಲಿ ತೋರುಸ್ಬೇಕು ಅಂತಿದ್ಯಲ್ಲ, ಯಾವಾಗ?" ಎಂದು ಕೇಳಿದಳು.

"ಬರೋ ಶುಕ್ರವಾರ. ಎಲ್ಲ ಸರಿ ಮಾಡಿದೀನಿ ಅವ್ವಾ. ಎಂಥ ಗೋಡೆಗ್ ಹಾಕಿದ್ರೂ ಇನ್ನು ಮೊಖ ಎಳ್ಯಲ್ಲ. ಮನೆ ಟಿವಿಲಿ ಹೆಂಗಿತ್ತೋ ಹಂಗೇ ಕಾಣುತ್ತೆ. ನೀನೂ ಬಾ. ಈ ಸಲ ನಾನೇ..."

"ಕುರಿ ಇರ್ಲಿ, ಕಾವಲಿರ್ಲಿ" ಅಂದಳು ಅವ್ವ. "ನನ್ ಮೊಖ ತೆಗ್ದುಬಿಡು."

"ಸರಿ ಮಾಡಿದೀನಿ ಅಂತ ಹೇಳಿದ್ನಲ್ಲವ್ವಾ."

"ಮಾಡಿರ್ತೀಯ. ಚೆನ್ನಾಗೇ ಮಾಡಿರ್ತೀಯ. ನಂಗೆ ಬ್ಯಾಡ. ಮತ್ತೆ ಅಷ್ಟ್ ಜನರ ಮುಂದೆ ಹೋಗಿ ನಿಂತ್ಕಳದು ನನ್ ಕೈಲಿ ಆಗಲ್ಲ ಕಣೇ."

ಧನ್ಯ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕ್ಷಮಿಸಿದ್ದೇನೆ ಎಂದು ಅವ್ವ ಹೇಳಿಯಾಳು, ಬಯ್ದಾದರೂ ಬಯ್ದಾಳು ಎಂದು ಬಂದಿದ್ದವಳಿಗೆ ಅವ್ವ ಒಂದು ಕೆಲಸ ಹೇಳಿದ್ದಳು. ಅದನ್ನಾದರೂ ವಾದ ಮಾಡದೆ ಮಾಡಬೇಕಿತ್ತು. "ತೆಗೀತೀನಿ" ಅಂದಳು.

ಅಜ್ಜಂಪುರದ ಕಾಲೇಜಿನಲ್ಲಿ ಅಷ್ಟು ದೊಡ್ಡ ಗೋಡೆಯೇನೂ ಇರಲಿಲ್ಲ. ಬಿಳಿ ಬಟ್ಟೆಯ ಮೇಲೆ ಪ್ರೊಜೆಕ್ಟರಿನ ಬೆಳಕು. ಬದಿಯಲ್ಲಿ ಹುಲ್ಲು, ನಡುವೆ ಕಾವಲು, ಎತ್ತಿನ ಕೊಂಬು ಆಕಾಶಕ್ಕೆ ಏರಿ ಬಾಗಿತ್ತು. ಆಟದಲ್ಲಿ ಕುರಿ ಕಾಯುವ ಹೆಂಗಸು ಮೊದಲಿನಿಂದ ಕೊನೆಯವರೆಗೂ ಬೆನ್ನು ಮಾಡಿಕೊಂಡೇ ನಡೆದಳು. ಯಾರೂ ನಗಲಿಲ್ಲ. ವಿದ್ಯಾರ್ಥಿಗಳು ಸರದಿಯಲ್ಲಿ ನಿಂತು ಆಡಿದರು. ತೋಳ ಬಂದಾಗ ಹಿಂದೆ ನಿಂತವರು ಉಸಿರು ಬಿಗಿಹಿಡಿದರು.

ಪ್ರಿಯಾಂಕಾ ಮೇಡಂ ಕಾಫಿ ಕೊಡುತ್ತ, "ಕಡೂರಲ್ಲಿ ಮೊದಲಿಗೆ ಒಂದು ಮುಖ ಬರ್ತಿತ್ತಲ್ವಾ? ಈಗ ಒಮ್ಮೆಲೇ ಶುರುವಾಗುತ್ತೆ. ಏನೋ ಬಿಟ್ಟುಹೋಗಿದೆ ಅನ್ಸುತ್ತೆ" ಅಂದರು.

"ಅದು ನಮ್ಮ ತಾಯಿ ಮೇಡಂ. ಅವರು ಬೇಡ ಅಂದ್ರು, ತೆಗೆದೆ."

"ಅಯ್ಯೋ, ಒಪ್ಪಿಸ್ಬೇಕಿತ್ತು."

ಧನ್ಯ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಒಪ್ಪಿಸುವುದು ತನ್ನ ಪಾಲಿಗೆ ಉಳಿದಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ.

ಊರಿಗೆ ಬರುವ ಹೊತ್ತಿಗೆ ಸೂರ್ಯ ಕಾವಲಿನ ಆಚೆಗೆ ಇಳಿದಿದ್ದ. ಮನೆಯ ಬಾಗಿಲು ತೆರೆದಿತ್ತು. ಅಂಜಿನಮ್ಮ ಅಮೃತಾಪುರದಿಂದ ಮಧ್ಯಾಹ್ನವೇ ಬಂದು ಕುರಿಗಳನ್ನು ಕಾಶಮ್ಮನ ಮನೆಯಿಂದ ಹೊಡೆದುಕೊಂಡು ತಂದಿದ್ದಳು. ಜಗಲಿಯ ಮೇಲೆ ಕೂತು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದವಳು ಮಗಳಿಗೆ ಕೂರಲು ಜಾಗ ಬಿಟ್ಟಳು.

"ಕುರಿ ಹೆಂಗ್ ಕಂಡ್ವು?" ಎಂದು ಕೇಳಿದಳು.

"ಚೆನ್ನಾಗ್ ಕಂಡ್ವು ಅವ್ವಾ."

"ಹೂಂ. ಇದ್ರ ಕಾಲು ಒಸಿ ಗಟ್ಟಿಯಾಗ್ ಹಿಡ್ಕೊ, ಒದೀತೈತೆ."

ಧನ್ಯ ಬ್ಯಾಗು ಕೆಳಗಿಟ್ಟು ಮರಿಯ ಕಾಲು ಹಿಡಿದುಕೊಂಡಳು.